ಕಾರ್ ಶೆಡ್ಡಿಗೆ ಮರದ ನೆಲ: ಯಾವ ಮರ, ಅಡಿಗೆ ಏನು, ಮೇಲೆ ಏನು ಬಳಿಯೋದು?

ತಾತಗುಣಿ ಪದ್ಮಿನಿ:

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿದ ಮೇಲೆ ಇರೋ ಸೈಟಿನಲ್ಲಿ ಕಾರು ನಿಲ್ಲಿಸೋಕೆ ಅಂತಲೇ ಒಂದು ಶೆಡ್ ಇದೆ. ಒಳಗಿನ ಅಳತೆ 18 ಅಡಿ ಉದ್ದ, 11 ಅಡಿ ಅಗಲ. ಸಾಲಿಡ್ ಬ್ಲಾಕ್ ಗೋಡೆ, ಜಿಂಕ್ ಶೀಟು, ಮುಂದೆ ರೋಲಿಂಗ್ ಶಟರ್. ನೆಲಕ್ಕೆ 4 ಇಂಚು ಕಾಂಕ್ರೀಟ್ ಹಾಕಿ ಐದು ತಿಂಗಳಾಯ್ತು, ಅಡಿಯಲ್ಲಿ ಪ್ಲಾಸ್ಟಿಕ್ ಹಾಸಿಲ್ಲ. ಅಂಗಳಕ್ಕಿಂತ ನೆಲ ಮುಕ್ಕಾಲು ಅಡಿ ಎತ್ತರ ಇದೆ.

ನಿಲ್ಲೋದು ಪ್ರೀಮಿಯರ್ ಪದ್ಮಿನಿ, ತಿಂಗಳಿಗೆ ಎರಡು ಸಲ ಓಡುತ್ತೆ. ಕಾಂಕ್ರೀಟ್ ಪುಡಿ ಏಳ್ತಿದೆ, ಮಳೆ ಬಂದ ಮಾರನೇ ದಿನ ನೆಲ ಅಲ್ಲಲ್ಲಿ ಕಪ್ಪಗಾಗುತ್ತೆ, ಗಾಡಿ ತಳದಲ್ಲಿ ತುಕ್ಕು ಶುರುವಾಗಿದೆ. ಅದಕ್ಕೇ ಮರದ ನೆಲ ಮಾಡಿಸೋ ಯೋಚನೆ. ಬಡಗಿ ಹೇಳೋದು: ಎರಡು ಅಡಿಗೊಂದು ರೀಪರ್ (ಹಲಗೆ ಹೊರೋ ಅಡ್ಡಪಟ್ಟಿ), ಮೇಲೆ ಮುಕ್ಕಾಲು ಇಂಚಿನ ನೀಲಗಿರಿ ಹಲಗೆ, ಮೊಳೆ ಹೊಡೆದು ವೇಸ್ಟ್ ಆಯಿಲ್ ಬಳಿದ್ರೆ ಗೆದ್ದಲು ಹತ್ರ ಬರಲ್ಲ. ಮರದ ಅಂಗಡಿಯವರು ಸಾಲ್ ತಗೊಳ್ಳಿ ಅಂತಾರೆ. ಮೂರನೆಯವರು ಪ್ಲೈವುಡ್ ಸಾಕು ಅಂತಾರೆ. ಯಾರ ಮಾತು ಕೇಳೋದು?

ಚೇಗು:

ಬಡಗಿಯವರ ಲೆಕ್ಕದಲ್ಲಿ ಮೂರು ತಪ್ಪಿದೆ ಸರ್: ದಪ್ಪ, ರೀಪರ್ ಅಂತರ, ಮರದ ಜಾತಿ. ವೇಸ್ಟ್ ಆಯಿಲ್ ಸೇರಿಸಿದ್ರೆ ನಾಲ್ಕು. ಅದನ್ನ ಬೇರೆಯವರು ಹೇಳ್ತಾರೆ ಬಿಡಿ.

ದಪ್ಪ ನೋಡೋಣ. ಪದ್ಮಿನಿ ಸುಮಾರು 900 ಕೆ.ಜಿ. ಮುಂದಿನ ಒಂದು ಚಕ್ರಕ್ಕೆ 250 ಕೆ.ಜಿ. ಅಂತ ಇಟ್ಕೊಳ್ಳಿ. ನಾಳೆ ಅಲ್ಲಿಗೆ ಬೇರೆ ಗಾಡಿ ಬರಬಹುದು, ಹಾಗಾಗಿ 350ಕ್ಕೆ ಲೆಕ್ಕ ಹಾಕೋದು ಒಳ್ಳೇದು. ಎರಡು ರೀಪರ್ ನಡುವೆ ಸರಿಯಾಗಿ ಮಧ್ಯದಲ್ಲಿ ಚಕ್ರ ನಿಂತರೆ ಹಲಗೆಯನ್ನ ಬಾಗಿಸೋ ಬಲ ಅಂದ್ರೆ ಭಾರ ಗುಣಿಸು ಅಂತರ, ಭಾಗಿಸು 4. ಅಂತರ ಒಂದಡಿ, ಅಂದ್ರೆ 30 ಸೆಂ.ಮೀ. ಆದ್ರೆ 350 × 30 ÷ 4 = 2625. ಇದನ್ನ ಹಲಗೆಯ ಅಗಲ × ದಪ್ಪ × ದಪ್ಪ ÷ 6 ರಿಂದ ಭಾಗಿಸಬೇಕು. 15 ಸೆಂ.ಮೀ. ಅಗಲದ ಹಲಗೆಗೆ ಬರೋ ಒತ್ತಡ ಹೀಗಿದೆ:

19 ಮಿ.ಮೀ. (ಮುಕ್ಕಾಲು ಇಂಚು): ಚದರ ಸೆಂ.ಮೀ.ಗೆ ಸುಮಾರು 290 ಕೆ.ಜಿ.
25 ಮಿ.ಮೀ.: 168
32 ಮಿ.ಮೀ.: 103
38 ಮಿ.ಮೀ. (ಒಂದೂವರೆ ಇಂಚು): 73

ನಮ್ಮ ಗಟ್ಟಿ ಮರಗಳನ್ನ 100ರಿಂದ 120ರ ಆಸುಪಾಸಲ್ಲಿ ದುಡಿಸಿದ್ರೆ ನೆಮ್ಮದಿ. ದಪ್ಪ ಅರ್ಧ ಆದ್ರೆ ಒತ್ತಡ ನಾಲ್ಕು ಪಟ್ಟು ಆಗುತ್ತೆ, ಅದಕ್ಕೇ ಮುಕ್ಕಾಲು ಇಂಚು ಎರಡೇ ಮಳೆಗಾಲದಲ್ಲಿ ಬಿರಿಯೋದು. ಅಂತರ ಎರಡು ಅಡಿ ಮಾಡಿದ್ರೆ ಮೇಲಿನ ಎಲ್ಲ ಅಂಕಿಯೂ ದುಪ್ಪಟ್ಟು. ಬಡಗಿಯವರು ಹೇಳಿದ ಹಾಗೆ ಮಾಡಿದ್ರೆ 580! ಟೈರು ಒಂದು ಗೆರೆಯ ಮೇಲೆ ನಿಲ್ಲಲ್ಲ, ಸುಮಾರು 12 ಸೆಂ.ಮೀ. ಉದ್ದಕ್ಕೆ ಹರಡ್ಕೊಂಡು ನಿಲ್ಲುತ್ತೆ, ಹಾಗಾಗಿ ನಿಜವಾದ ಒತ್ತಡ ಸ್ವಲ್ಪ ಕಡಿಮೆ. ಆ ಉಳಿತಾಯನ ಗಂಟು, ಬಿರುಕುಗಳ ಲೆಕ್ಕಕ್ಕೆ ಬಿಟ್ಬಿಡಿ. ಒಂದಡಿಗೊಂದು ರೀಪರ್, 38 ಮಿ.ಮೀ. ಹಲಗೆ, ಇಷ್ಟು ಖಾಯಂ.

ಇನ್ನು ಮರ. ನೀಲಗಿರಿಯ ನೂಲು, ಅಂದ್ರೆ ಮರದ ಎಳೆ, ತಿರುಚಿಕೊಂಡು ಬೆಳೆದಿರುತ್ತೆ, ಒಣಗ್ತಾ ಹಲಗೆ ಸೊಟ್ಟಗಾಗಿ ಮೊಳೆ ಮೇಲಕ್ಕೆ ಎಳ್ಕೊಂಡು ಬರುತ್ತೆ. ಆ ಮೊಳೆ ಟೈರಿಗೆ ಏನು ಮಾಡುತ್ತೆ ಅಂತ ಹೇಳಬೇಕಿಲ್ಲ. ಸಿಲ್ವರ್ ಓಕ್, ರಬ್ಬರ್, ಮಾವು ಮೂರೂ ಬೇಡ. ಗೆದ್ದಲಿಗೂ ಕುಟ್ಟೆ ಹುಳಕ್ಕೂ ಹಬ್ಬದೂಟ. ಮತ್ತಿ ನನ್ನ ಮೊದಲ ಆಯ್ಕೆ: ಗಟ್ಟಿ, ಭಾರ, ಬೆಲೆ ತೇಗದಷ್ಟಿಲ್ಲ. ಹೊನ್ನೆಯೂ ಚೆನ್ನ, ಆದ್ರೆ ನೀರು ಬಿದ್ರೆ ಬಣ್ಣ ಬಿಡುತ್ತೆ. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಕುಡಿಯೋ ಲೋಟ ಇದೇ ಮರದ್ದು, ಆ ಕಂದು ಬಣ್ಣ ನಿಮ್ಮ ನೆಲದಲ್ಲೂ ಇಳಿಯುತ್ತೆ. ತೇಗ ಸೊಟ್ಟಗಾಗಲ್ಲ, ಆದ್ರೆ ಮತ್ತಿಗಿಂತ ಮೆದು, ಜಾಕ್ ಕೂತ ಕಡೆ ಗುಳಿ ಬೀಳುತ್ತೆ. ಅಷ್ಟು ದುಡ್ಡು ಕೊಟ್ಟು ಕಾರಿನ ಕೆಳಗೆ ಹಾಸೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಸಾಲ್ ಶಕ್ತಿ ಇರೋ ಮರವೇ, ಸೀಸನ್ ಆಗೋಕೆ, ಅಂದ್ರೆ ಹದವಾಗಿ ಒಣಗೋಕೆ, ಸತಾಯಿಸುತ್ತೆ, ಮೈತುಂಬ ಬಿರುಕು. ಇನ್ನೊಂದು ಮಾತು, 'ಮಲೇಷಿಯನ್ ಸಾಲ್' ಅಂತ ಮಾರೋದು ಸಾಲ್ ಅಲ್ಲ, ಒಂದೇ ಮರವೂ ಅಲ್ಲ. ಅದು ಅಂಗಡಿಯ ಹೆಸರು. ಯಾವ ಜಾತಿ ಅಂತ ಅನುಮಾನ ಇದ್ರೆ ಮಲ್ಲೇಶ್ವರ 18ನೇ ಕ್ರಾಸಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು.

ಜಾತಿ ಯಾವುದಾದ್ರೂ ಚೇಗನ್ನೇ, ಅಂದ್ರೆ ಮರದ ಒಳಗಿನ ಗಟ್ಟಿ ತಿರುಳನ್ನೇ, ಕೇಳಿ ತಗೊಳ್ಳಿ. ಚೇಗಿನ ಸುತ್ತ ಇರೋ ಬಿಳಿ ಪಟ್ಟೆ ತೇಗದ್ದಾದ್ರೂ ಗೆದ್ದಲು ತಿನ್ನುತ್ತೆ.

ತಳಮಟ್ಟ:

ಮರಕ್ಕೆ ಮೊದಲು ಕಾಂಕ್ರೀಟ್ ವಿಚಾರ ಇತ್ಯರ್ಥವಾಗಲಿ. ತುಕ್ಕಿಗೆ ಕಾರಣ ಕಾಂಕ್ರೀಟ್ ಮೂಲಕ ಮಣ್ಣಿನಿಂದ ಮೇಲೇಳುವ ತೇವ. ಅದನ್ನು ತಡೆಯುವುದು ಪ್ಲಾಸ್ಟಿಕ್ ಹಾಳೆ. ಮರ ಆ ಹಾಳೆಯನ್ನು ಟೈರಿನಿಂದ ಕಾಯುವ ಹೊದಿಕೆ ಅಷ್ಟೆ. ದುಡ್ಡು ಕಡಿಮೆ ಬಿದ್ದರೆ ಮೇಲಿನ ಪಾಲಿಶಿನಲ್ಲಿ ಉಳಿಸಿ, ಅಡಿಯಲ್ಲಿ ಬೇಡ.

ಹೀಗೆ ಪರೀಕ್ಷಿಸಿ. ಎರಡಡಿ ಚೌಕದ ಪಾರದರ್ಶಕ ಪಾಲಿಥಿನ್ ಹಾಳೆಗಳನ್ನು ನೆಲದ ನಾಲ್ಕು ಮೂಲೆ ಮತ್ತು ನಡುವೆ ಇಟ್ಟು, ಅಂಚುಗಳನ್ನು ಪೂರ್ತಿ ಟೇಪ್ ಹಾಕಿ ಮುಚ್ಚಿ. ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಅಡಿಮೈಗೆ ಕಟ್ಟಿದ್ದರೆ, ಅಥವಾ ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ಮಣ್ಣಿನದು. ಹನಿ ಹಾಳೆಯ ಮೇಲ್ಮೈಯಲ್ಲಿದ್ದರೆ ಅದು ಗಾಳಿಯದು ಅಥವಾ ಶೀಟಿನಿಂದ ತೊಟ್ಟಿಕ್ಕಿದ್ದು. ಎರಡಕ್ಕೂ ಮದ್ದು ಬೇರೆ. ನಿಮ್ಮ ಕಾಂಕ್ರೀಟಿಗೆ ಐದು ತಿಂಗಳಾಗಿರುವುದರಿಂದ ಅದರದೇ ನೀರು ಬಹುಪಾಲು ಹೋಗಿರಬೇಕು. ಇಂಚಿಗೆ ಒಂದು ತಿಂಗಳು ಎಂಬುದು ಒರಟು ಲೆಕ್ಕ. 28 ದಿನ ಅನ್ನುವುದು ಗಟ್ಟಿಯಾಗಲು, ಒಣಗಲು ಅಲ್ಲ.

ತೇವ ಕಂಡರೆ ಮಾಡಬೇಕಾದ್ದು: ನೆಲ ಗುಡಿಸಿ, 250 ಮೈಕ್ರಾನ್ ಪಾಲಿಥಿನ್ ಹಾಸಿ. ಅಂಗಡಿಯಲ್ಲಿ ಇದನ್ನೇ 1000 ಗೇಜ್ ಎನ್ನುತ್ತಾರೆ. ಜೋಡಿಸುವ ಕಡೆ 8 ಇಂಚು ಒಂದರ ಮೇಲೊಂದು ಬರಲಿ, ಗೋಡೆಗೆ 6 ಇಂಚು ಮೇಲೆತ್ತಿ. ಅದರ ಮೇಲೆ 3×2 ರೀಪರುಗಳನ್ನು ಅಗಲದ ದಿಕ್ಕಿಗೆ, ಮಲಗಿಸಿ ಇಡಿ. ಅಂದರೆ 3 ಇಂಚು ನೆಲಕ್ಕೆ, 2 ಇಂಚು ಎತ್ತರಕ್ಕೆ. 18 ಅಡಿಗೆ ಅಡಿಗೊಂದರಂತೆ 19 ರೀಪರ್ ಬೇಕು. ಪ್ರತಿಯೊಂದರ ಅಡಿಗೂ ಟಾರ್ ಫೆಲ್ಟಿನ (ಡಾಂಬರು ಹಾಳೆಯ) ಪಟ್ಟಿ ಕೊಡಿ. ರೀಪರನ್ನು ಕಾಂಕ್ರೀಟಿಗೆ ಬೋಲ್ಟ್ ಮಾಡಬೇಡಿ. ಒಂದೊಂದು ತೂತೂ ಹಾಳೆಯಲ್ಲಿ ಒಂದೊಂದು ನಲ್ಲಿ ಇದ್ದ ಹಾಗೆ. ನೆಲ ತನ್ನ ಭಾರದಿಂದಲೇ ಅಲುಗದೆ ಕೂರುತ್ತದೆ.

ಗೋಡೆಯಿಂದ ಎಲ್ಲ ಕಡೆ ಒಂದು ಇಂಚು ಬಿಡಿ. ಇದಕ್ಕೆ ಎರಡು ಕಾರಣ. ಮರ ಹಿಗ್ಗಲು ಜಾಗ ಬೇಕು; ರೀಪರುಗಳ ನಡುವಿನ ಸಂದುಗಳು ಒಂದಕ್ಕೊಂದು ಸೇರಿ ಗಾಳಿ ಆಡಬೇಕು. ಎರಡೂ ಪಕ್ಕದ ಗೋಡೆಗಳಲ್ಲಿ ನೆಲದ ಮಟ್ಟಕ್ಕೆ 4×2 ಇಂಚಿನ ಕಿಂಡಿ ಮೂರು ಮೂರು ಕೊರೆಸಿ, ಎದುರುಬದುರು ಬರಲಿ. ಹೊರಗಡೆ ಸಣ್ಣ ಕಣ್ಣಿನ ವೆಲ್ಡ್ ಮೆಷ್ ಬಿಗಿಯಿರಿ. ಮೆಷ್ ಮರೆತರೆ ಇಲಿ ಅಡಿಯಲ್ಲಿ ಮನೆ ಮಾಡುತ್ತದೆ, ವೈರಿಂಗ್ ಅದರ ಊಟ.

ಹಲಗೆ ಉದ್ದುದ್ದಕ್ಕೆ, ಗಾಡಿ ಬರುವ ದಿಕ್ಕಿಗೇ ಇರಲಿ. ಟ್ರಾಲಿ ಜಾಕಿನ ಸಣ್ಣ ಕಬ್ಬಿಣದ ಗಾಲಿ ಸಂದಿಯಲ್ಲಿ ಸಿಗದೆ ಉರುಳುತ್ತದೆ. ಚಕ್ರದ ಜಾಡಿನ ಹಲಗೆ ಸವೆದರೆ ಅವನ್ನಷ್ಟೇ ಬದಲಿಸಬಹುದು. ಮೇಲ್ಮಟ್ಟ ಮೂರೂವರೆ ಇಂಚು ಏರುವುದರಿಂದ ಬಾಗಿಲಲ್ಲಿ 28 ಇಂಚು ಉದ್ದದ ಇಳಿಜಾರು ಬೇಕು. ಅದು ಬಿಡಿಯಾಗಿ ಎತ್ತಿಡುವಂತಿರಲಿ, ಇಲ್ಲದಿದ್ದರೆ ಶಟರ್ ಕೆಳಗೆ ಕೂರುವುದಿಲ್ಲ. ಹಲಗೆ ಶಟರಿನ ಗೆರೆಗಿಂತ ಎರಡು ಇಂಚು ಒಳಗೇ ನಿಲ್ಲಬೇಕು.

ಟ್ಯಾಪೆಟ್ ಸದ್ದು:

ತಳಮಟ್ಟ ಅವರೇ, ಬೇಸರ ಮಾಡ್ಕೋಬೇಡಿ, ನೆಲದ ಅಡಿಯಲ್ಲಿ ಟೊಳ್ಳು ಬಿಡೋದು ನನಗೆ ಒಪ್ಪಿಗೆ ಇಲ್ಲ. ಪದ್ಮಿನಿ ಕಾರ್ಬ್ಯುರೇಟರ್ ಗಾಡಿ. ನಿಲ್ಲಿಸಿದ ಮೇಲೆ ಫ್ಲೋಟ್ ಬೌಲ್‌ನಲ್ಲಿರೋ ಪೆಟ್ರೋಲು ಆವಿಯಾಗ್ತಾನೇ ಇರುತ್ತೆ. ಹಳೇ ಪೈಪು, ಪಂಪಿನ ಡಯಾಫ್ರಾಮ್ ಒಸರಿದ್ರಂತೂ ಕೇಳೋದೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹಲಗೆ ಸಂದಿಯಿಂದ ಇಳಿದು ಅಡಿಯಲ್ಲಿ ಕೂರುತ್ತೆ. ನೆಲದ ಮೇಲೆ ಬ್ಯಾಟರಿ ಚಾರ್ಜರ್ ಇಟ್ಟು ಕ್ಲಿಪ್ ತೆಗೆದಾಗ ಒಂದು ಕಿಡಿ ಸಾಕು.

ಟೊಳ್ಳೇ ಇಲ್ಲದ ಹಾಗೆ ಪ್ಲೈ ಹಾಕಿ. 250 ಮೈಕ್ರಾನ್ ಹಾಳೆ, ಅದರ ಮೇಲೆ 12 ಮಿ.ಮೀ. ಪ್ಲೈ ಎರಡು ಪದರ. ಅಡಿಯಲ್ಲಿ ಕಾಂಕ್ರೀಟೇ ಹೊರೋದ್ರಿಂದ ಬಾಗೋ ಮಾತೇ ಇಲ್ಲ, ಚೇಗು ಅವರ ಲೆಕ್ಕ ಇಲ್ಲಿ ಬೇಡ. 8×4 ಹಾಳೆ ಒಂದು ಪದರಕ್ಕೆ 7, ಎರಡಕ್ಕೆ 14. ಏಳು ಹೇಗೆ ಅಂದ್ರೆ: 4 ಪೂರ್ತಿ ಹಾಳೆ, 3 ಅಡಿಗೆ ಸೀಳಿದ 2, ಹಿಂದೆ ಉಳಿಯೋ ಎರಡಡಿ ಪಟ್ಟಿಗೆ ಒಂದನ್ನ ನಾಲ್ಕು ತುಂಡು ಮಾಡಿದ್ರೆ ಆಯ್ತು. ಮೇಲಿನ ಪದರವನ್ನ ಹಿಂದಿನ ಗೋಡೆ ಕಡೆಯಿಂದ ತಿರುಗಿಸಿ ಶುರು ಮಾಡಿ, ಜೋಡಣೆ ಒಂದರ ಮೇಲೊಂದು ಬರಬಾರದು. ಎರಡೂ ಪದರವನ್ನ 20 ಮಿ.ಮೀ. ಸ್ಕ್ರೂನಿಂದ 8 ಇಂಚಿಗೊಂದರಂತೆ ಬಿಗಿಯಿರಿ. ಒಟ್ಟು 24 ಮಿ.ಮೀ. ದಪ್ಪ ಇರೋದ್ರಿಂದ ತುದಿ ಹಾಳೆಗೆ ತಾಗಲ್ಲ. ಸುಮಾರು 700 ಸ್ಕ್ರೂ ಬೇಕು.

ಪ್ಲೈ ಮಾತ್ರ ಐಎಸ್ 710 (ಮರೈನ್ ಪ್ಲೈಗೆ ಇರೋ ಭಾರತೀಯ ಮಾನದಂಡ) ಮುದ್ರೆ ಇರೋದೇ ಆಗ್ಬೇಕು. ಅದರ ಅಂಟು 72 ಗಂಟೆ ಕುದಿಸಿದ್ರೂ ಬಿಡಬಾರದು ಅನ್ನೋದು ಆ ಗುಣಮಟ್ಟದ ಪರೀಕ್ಷೆ. ಕಾಂಕ್ರೀಟ್ ಅಚ್ಚಿಗೆ ಬಳಸೋ ಶಟರಿಂಗ್ ಪ್ಲೈ ಅಗ್ಗ ಅಂತ ಹೋಗ್ಬೇಡಿ, ಮೇಲಿನ ಫಿಲಂ ಒದ್ದೆಯಾದ್ರೆ ಸಾಬೂನು ಮೆತ್ತಿದ ಹಾಗೆ ಜಾರುತ್ತೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹೆಸರೂ ಎತ್ತಬೇಡಿ. ಪ್ಲೈ ಸಾಯೋದು ಯಾವಾಗಲೂ ಅಂಚಿನಿಂದ. ಕತ್ತರಿಸಿದ ಪ್ರತಿ ಅಂಚಿಗೂ ಅಲ್ಯುಮಿನಿಯಂ ಪ್ರೈಮರ್ ಎರಡು ಕೈ ಹಚ್ಚಿ, ಹಾಳೆ ಹಾಳೆ ನಡುವೆ 3 ಮಿ.ಮೀ., ಗೋಡೆಗೆ ಅರ್ಧ ಇಂಚು ಬಿಡಿ.

ಹಳೇ ಕಂಟೇನರ್ ನೆಲದ 28 ಮಿ.ಮೀ. ಪ್ಲೈ ಸಿಕ್ಕಿದ್ರೆ ಅದೂ ಉತ್ತಮ, ಫೋರ್ಕ್‌ಲಿಫ್ಟ್ ಹೊರೋಕೆ ಅಂತಲೇ ಮಾಡಿದ್ದು. ಹುಳಕ್ಕೆ ವಿಷ ಹಾಕಿ ಮಾಡಿರ್ತಾರೆ, ಕುಯ್ಯುವಾಗ ಮಾಸ್ಕ್ ಹಾಕ್ಕೊಳ್ಳಿ, ಚೂರುಗಳನ್ನ ಸ್ನಾನದ ಒಲೆಗೆ ಹಾಕ್ಬೇಡಿ. ರೈಲ್ವೆ ಸ್ಲೀಪರ್ ಬೇಡವೇ ಬೇಡ. ಅದಕ್ಕೆ ಕುಡಿಸಿರೋ ಕ್ರಿಯೋಸೋಟು (ಟಾರಿನ ಎಣ್ಣೆ) ಬಿಸಿಲಿಗೆ ಒಸರಿ ಶೆಡ್ ತುಂಬ ನಾತ.

ತಳಮಟ್ಟ:

ಪೆಟ್ರೋಲ್ ಆವಿಯ ಮಾತು ಸರಿ. ಎದುರುಬದುರು ಕಿಂಡಿ ಎಂದದ್ದೂ ಅದಕ್ಕೇ. ಮುಚ್ಚಿದ ಟೊಳ್ಳು ಅಪಾಯ, ಗಾಳಿಯಾಡುವ ಟೊಳ್ಳು ಅಲ್ಲ. ಚಾರ್ಜರನ್ನು ನೆಲದಿಂದ ಎರಡು ಅಡಿ ಎತ್ತರದ ಗೋಡೆಯ ಹಲಗೆ ಮೇಲಿಡಿ. ಸಾಕೆಟ್ಟೂ ಅಷ್ಟೇ ಎತ್ತರದಲ್ಲಿರಲಿ.

ನೇರ ಪ್ಲೈ ಒಣ ನೆಲಕ್ಕೆ ಮಾತ್ರ. ತೇವ ಇರುವ ಕಡೆ ಹಾಳೆಯಲ್ಲಿ ಒಂದು ತೂತಾದರೂ ನೀರು ಪ್ಲೈ ಅಡಿಯಲ್ಲಿ ನಿಂತು, ಹೋಗಲು ದಾರಿಯಿಲ್ಲದೆ ಕೊಳೆಸುತ್ತದೆ. ಮೇಲೆ ಚೆಲ್ಲಿದ್ದಕ್ಕೂ ಅದೇ ಗತಿ. ಆದ್ದರಿಂದ ಹಲಗೆಯೋ ಪ್ಲೈಯೋ ಎಂಬುದನ್ನು ಟೇಪ್ ಪರೀಕ್ಷೆಯೇ ಹೇಳಲಿ. ಇನ್ನು ಸೈಟು ತಗ್ಗಿನಲ್ಲಿದ್ದರೆ, 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿದ ಹಾಗೆ ನುಗ್ಗುವ ಜಾಗವಾದರೆ, ಎರಡೂ ಬೇಡ. ಮರದ ನೆಲ ತೇಲುತ್ತದೆ.

ಒರಲೆ:

ಗೆದ್ದಲಿನ ಭಾಗ ಯಾರೂ ಮುಟ್ಟಿಲ್ಲ, ನಾನು ಹೇಳ್ತೇನೆ. ಬೆಂಗಳೂರಿನ ಕೆಮ್ಮಣ್ಣು ಅಂದ್ರೆ ಒರಲೆಯ, ಅಂದ್ರೆ ಗೆದ್ದಲಿನ, ತವರು. 4 ಇಂಚು ಕಾಂಕ್ರೀಟ್ ಇದೆಯಲ್ಲ ಅಂತ ಧೈರ್ಯ ಬೇಡ, ಒಂದು ಮಿ.ಮೀ. ಬಿರುಕು ಇದ್ರೆ ಸಾಕು, ಗೋಡೆ ಮತ್ತು ನೆಲ ಸೇರುವ ಸಂದಿ ಅವಕ್ಕೆ ಹೆದ್ದಾರಿ.

ಪಾಲಿಥಿನ್ ಹಾಸುವ ಮೊದಲೇ ಮಾಡಬೇಕಾದ ಕೆಲಸ ಇದು. ಗೋಡೆ ನೆಲ ಸೇರುವ ಗೆರೆಯುದ್ದಕ್ಕೂ ಅಡಿಗೊಂದರಂತೆ 12 ಮಿ.ಮೀ. ತೂತು, ಕಾಂಕ್ರೀಟ್ ದಾಟಿ ಮಣ್ಣು ಮುಟ್ಟುವವರೆಗೆ. ನಿಮ್ಮ ಸುತ್ತಳತೆ 58 ಅಡಿ, ಬಾಗಿಲು ಬಿಟ್ರೆ ಸುಮಾರು 50 ತೂತು. ಒಂದೊಂದಕ್ಕೆ ಒಂದು ಲೀಟರ್ ಔಷಧದ ನೀರು, ಅಥವಾ ಮಣ್ಣು ಇನ್ನು ಕುಡಿಯೋದಿಲ್ಲ ಅನ್ನುವವರೆಗೆ. ಇಮಿಡಾಕ್ಲೋಪ್ರಿಡ್ 30.5 ಶೇಕಡಾದ್ದು ಲೀಟರಿಗೆ 2.1 ಮಿ.ಲೀ., ಅಂದ್ರೆ 50 ಲೀಟರಿಗೆ 105 ಮಿ.ಲೀ. ಕ್ಲೋರ್‌ಪೈರಿಫಾಸ್ 20 ಶೇಕಡಾದ್ದಾದ್ರೆ ಒಂದು ಲೀಟರಿಗೆ 19 ಲೀಟರ್ ನೀರು. ನಾತ ಬಹಳ, ಮುಚ್ಚಿದ ಶೆಡ್ಡಿಗೆ ನಾನು ಮೊದಲನೆಯದನ್ನೇ ಹೇಳುವುದು. ಕೈಗವಸು, ಮಾಸ್ಕ್ ಕಡ್ಡಾಯ. ಬಾವಿ ಅಥವಾ ಬೋರ್‌ವೆಲ್ ಪಕ್ಕದಲ್ಲಿದ್ರೆ ಈ ಕೆಲಸ ಪರವಾನಗಿ ಇರುವ ಕೀಟ ನಿಯಂತ್ರಣದವರಿಗೆ ಬಿಡಿ. ಎಲ್ಲ ಇಂಗಿದ ಮೇಲೆ ತೂತುಗಳಿಗೆ ಸಿಮೆಂಟ್ ತುಂಬಿ.

ಮರಕ್ಕೆ ಬೋರಾಕ್ಸ್, ಅಂದ್ರೆ ಬಿಳಿಗಾರ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆಸಿಡ್ ಪುಡಿ. ತಣ್ಣೀರಲ್ಲಿ ಕರಗೋದಿಲ್ಲ, ತಳದಲ್ಲಿ ಸಕ್ಕರೆಯ ಹಾಗೆ ಕೂರ್ತದೆ. ರೀಪರಿನ ನಾಲ್ಕೂ ಮೈ, ಹಲಗೆಯ ಅಡಿಮೈ ಮತ್ತು ಬದಿಗೆ ಬ್ರಷ್‌ನಿಂದ ಮೂರು ಸಲ ಹಚ್ಚಿ. ತುದಿಗಳನ್ನ ಬಕೆಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಮರ ನೀರು ಎಳೆಯುವುದು ತುದಿಯಿಂದ. ಒಣಮರದಲ್ಲಿ ಇದು ಕೆಲವೇ ಮಿ.ಮೀ. ಇಳಿಯುತ್ತದೆ, ಹಾಗಾಗಿ ಕುಯ್ದು, ತೂತು ಹೊಡೆದಾದ ಮೇಲೆ ಹಚ್ಚಬೇಕು, ಮೊದಲೇ ಹಚ್ಚಿದ್ರೆ ಶ್ರಮ ವ್ಯರ್ಥ. ಮಳೆ ನೀರಿಗೆ ತೊಳೆದು ಹೋಗ್ತದೆ, ಒಳಗಿನ ನೆಲಕ್ಕೆ ತೊಂದರೆಯಿಲ್ಲ. ಕಬ್ಬಿಣವನ್ನೂ ತಿನ್ನೋದಿಲ್ಲ.

ಈಗ ಎಣ್ಣೆಗಳ ಪುರಾಣ. ವೇಸ್ಟ್ ಆಯಿಲ್ ಮರದೊಳಗೆ ಇಳಿಯೋದಿಲ್ಲ, ಒಣಗೋದೂ ಇಲ್ಲ. ಮೇಲೆ ಅಂಟಾಗಿ ಕೂತು ಧೂಳು ಹಿಡಿಯುತ್ತದೆ, ಟೈರಿನ ರಬ್ಬರನ್ನ ಉಬ್ಬಿಸಿ ಮೆದು ಮಾಡ್ತದೆ. ಒರಲೆ ಕೆಲವು ತಿಂಗಳು ದೂರ ಇರಬಹುದು, ಟೈರ್ ಖಂಡಿತ ಹಾಳು. ಹೊಂಗೆ ಎಣ್ಣೆಯೂ ಒಣಗುವ ಜಾತಿಯಲ್ಲ. ಕರಾವಳಿ ಕಡೆ ಪಕಾಸಿಗೂ ದೋಣಿಗೂ ಹಚ್ಚುವ ಗೇರು ಎಣ್ಣೆ ಬೇರೆ ಕಥೆ, ಅದು ನಿಜಕ್ಕೂ ಒರಲೆಗೆ ಆಗೋದಿಲ್ಲ. ರೀಪರಿಗೆ ಹಚ್ಚಬಹುದು. ಚರ್ಮಕ್ಕೆ ತಾಗಿದ್ರೆ ಬೊಬ್ಬೆ ಏಳ್ತದೆ, ತೆಂಗಿನೆಣ್ಣೆ ಸವರಿಕೊಂಡು ಕೈಗವಸು ಹಾಕಿ ಹಚ್ಚಿ. ಮೇಲಿನ ಹಲಗೆಗೆ ಬೇಡ, ಗಾಡಿ ಕೆಳಗೆ ಮಲಗುವವರು ನೀವು.

ಒರಲೆ ಬರೋದು ಮಣ್ಣಿನ ಕೊಳವೆ ಕಟ್ಟಿಕೊಂಡು. ಆದ್ದರಿಂದ ಗೋಡೆಯ ಪಕ್ಕದ ಒಂದು ಇಂಚಿನ ಸಂದನ್ನ ಬೀಡಿಂಗ್ ಹೊಡೆದು ಮುಚ್ಚಬೇಡಿ. ಟಾರ್ಚ್ ಹಾಕಿದ್ರೆ ಕಾಣುವಂತಿರಬೇಕು, ತಿಂಗಳಿಗೊಮ್ಮೆ ಸುತ್ತ ಒಂದು ಸಲ ನೋಡಿ ಬಿಡಿ.

ತಾತಗುಣಿ ಪದ್ಮಿನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೇಪ್ ಪರೀಕ್ಷೆ ಆಯ್ತು. ಹಿಂದಿನ ಎಡ ಮೂಲೆಯಲ್ಲಿ ಹಾಳೆಯ ಅಡಿಗೆ ಹನಿ ಕಟ್ಟಿತ್ತು, ನಡುವೆ ಕಾಂಕ್ರೀಟ್ ಸ್ವಲ್ಪ ಕಪ್ಪು, ಶಟರ್ ಕಡೆ ಒಣ. ಹಾಗಾಗಿ ರೀಪರ್, ಹಲಗೆ ದಾರಿಗೇ ಬಂದೆ. ಮೈಸೂರು ರಸ್ತೆಯ ಹಳೇ ಮರದ ಅಂಗಡಿಯಲ್ಲಿ ಚಾಮರಾಜಪೇಟೆ ಕಡೆ ಕೆಡವಿದ ಮನೆಯ ಮದ್ರಾಸ್ ತಾರಸಿ (ಮರದ ಜಂತೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಚಾವಣಿ) ಜಂತೆಗಳಿವೆ, 5×3 ಇಂಚು, 10 ಅಡಿ ಉದ್ದ. ತೇಗ ಅಂತಾರೆ, ಕೆಲವು ಬೇರೆ ಇದ್ದ ಹಾಗೆ ಕಾಣುತ್ತೆ. ಇದನ್ನ ಸೀಳಿಸಿ ಹಲಗೆ ಮಾಡಿಸಬಹುದಾ? ಎಷ್ಟು ಬೇಕು? ಮೇಲೆ ಪಿಯು (ಪಾಲಿಯುರಿಥೇನ್ ಪಾಲಿಶ್) ಹೊಡೆಸೋದಾ, ಎಣ್ಣೆನಾ?

ಚೇಗು:

ಹಳೇ ಜಂತೆ ಸಿಕ್ಕಿದ್ದು ಅದೃಷ್ಟ. ಅಷ್ಟು ವರ್ಷ ಒಣಗಿರೋದು ಹೊಸದರಲ್ಲಿ ಸಿಗಲ್ಲ. ಜಾತಿ ಗುರುತಿಗೆ ತಕ್ಕಡಿ ಸಾಕು. 5×3ರ 10 ಅಡಿ ತುಂಡು ಒಂದು ಘನ ಅಡಿಗಿಂತ ಸ್ವಲ್ಪ ಜಾಸ್ತಿ. ತೇಗ ಆದ್ರೆ 19, 20 ಕೆ.ಜಿ. ತೂಗುತ್ತೆ, ಮತ್ತಿ 25ರ ಹತ್ರ. ಉಜ್ಜುಗೊರಡು ಒಂದು ಸಲ ಎಳೆದು ಮೂಸಿ: ತೇಗಕ್ಕೆ ಹಳೇ ಚರ್ಮದ ವಾಸನೆ, ಕೈಗೆ ಜಿಡ್ಡು. ಭಾರದವನ್ನ ಚಕ್ರದ ಜಾಡಿಗೆ ಇಟ್ಕೊಳ್ಳಿ, ತೇಗವನ್ನ ನಡುವೆ ಹಾಕಿ.

ಕೊಳ್ಳುವಾಗ ಗೋಡೆಯೊಳಗೆ ಇದ್ದ ತುದಿಯನ್ನ ಚಾಕುವಿನಿಂದ ಚುಚ್ಚಿ ನೋಡಿ, ಕೊಳೆತಿರೋದು ಅಲ್ಲೇ. ಸಣ್ಣ ತೂತಿನಿಂದ ಗೋಧಿ ಹಿಟ್ಟಿನಂಥ ಪುಡಿ ಉದುರ್ತಿದ್ರೆ ಕುಟ್ಟೆ ಇನ್ನೂ ಜೀವಂತ, ಆ ತುಂಡು ಬಿಟ್ಬಿಡಿ. ಪಕ್ಕಕ್ಕೆ ಅಂಟಿರೋ ಸುಣ್ಣದ ಗಾರೆಯನ್ನ ತಂತಿ ಬ್ರಷ್‌ನಲ್ಲಿ ಉಜ್ಜಿ, ಒಳಗೆ ಮುರಿದ ಮೊಳೆ ಇದೆಯಾ ಅಂತ ಬಲವಾದ ಅಯಸ್ಕಾಂತ ಎಳೆದು ನೋಡಿ. ಒಂದು ಮೊಳೆ ಸಿಕ್ಕಿದ್ರೆ ಸಾ ಮಿಲ್‌ನವರು ಬ್ಲೇಡಿನ ದುಡ್ಡು ನಿಮ್ಮ ಬಿಲ್ಲಿಗೇ ಸೇರಿಸ್ತಾರೆ.

ಸೀಳೋದು ನಡುವೆ ಒಂದೇ ಗೆರೆ. 76 ಮಿ.ಮೀ.ನಲ್ಲಿ ಗರಗಸ 4 ತಿನ್ನುತ್ತೆ, ಎರಡು ಹಲಗೆ 36, 36 ಬರುತ್ತೆ. ಮೇಲ್ಮೈ ಮಾತ್ರ ಪ್ಲೇನ್ ಮಾಡಿಸಿ, ಅಡಿಮೈ ಒರಟಾಗೇ ಇರಲಿ. 35 ಮಿ.ಮೀ. ಉಳಿದ್ರೆ 350 ಕೆ.ಜಿ.ಗೆ ಒತ್ತಡ 103 ಬರುತ್ತೆ, ಮತ್ತಿಗೆ ಏನೂ ಅಲ್ಲ. ಎರಡೂ ಕಡೆ ಪ್ಲೇನ್ ಮಾಡಿಸಿ 32ಕ್ಕೆ ಇಳಿಸಿದ್ರೆ 123 ಆಗುತ್ತೆ, ಸುಮ್ನೆ ಶಕ್ತಿ ಉದುರಿಸಿ ಹೊಟ್ಟು ಮಾಡಿದ ಹಾಗೆ.

ಲೆಕ್ಕ: 11 ಅಡಿ ಅಗಲದಲ್ಲಿ ಎರಡು ಕಡೆ ಇಂಚು ಬಿಟ್ರೆ 130 ಇಂಚು. 5 ಇಂಚಿನ ಹಲಗೆ, ನಡುವೆ 3 ಮಿ.ಮೀ. ಸಂದು, 26 ಸಾಲು, ಕೊನೆಯದನ್ನ ಸ್ವಲ್ಪ ಸೀಳಬೇಕು. ಒಂದು ಸಾಲಿಗೆ 10 ಅಡಿಯದ್ದು ಒಂದು, 8 ಅಡಿಗೆ ಕತ್ತರಿಸಿದ್ದು ಒಂದು. ಮುಂದಿನ ಸಾಲಲ್ಲಿ 8 ಮೊದಲು, 10 ಆಮೇಲೆ. ರೀಪರ್ ಅಡಿಗೊಂದು ಇರೋದ್ರಿಂದ ಎರಡು ಕಡೆಯ ಜೋಡಣೆಯೂ ತಾನಾಗೇ ರೀಪರ್ ಮೇಲೆ ಬರುತ್ತೆ. 52 ಹಲಗೆ, ಅಂದ್ರೆ 26 ಜಂತೆ. 28 ತಗೊಳ್ಳಿ.

ಸ್ಕ್ರೂ 5×75 ಮಿ.ಮೀ., ಸ್ಟೇನ್‌ಲೆಸ್ 304. ರೀಪರ್ ದಾಟೋ ಕಡೆಯೆಲ್ಲ ಎರಡೆರಡು, ಒಟ್ಟು ಸಾವಿರ ಚಿಲ್ಲರೆ, 1100 ತನ್ನಿ. 3.5 ಮಿ.ಮೀ. ತೂತು ಹೊಡೆಯದೆ ಮತ್ತಿಗೆ ಸ್ಕ್ರೂ ಹಾಕಿದ್ರೆ ತಲೆ ಕಿತ್ತು ಬರುತ್ತೆ. ತಲೆ ಮೇಲ್ಮೈಗಿಂತ 3 ಮಿ.ಮೀ. ಒಳಗಿರಲಿ. ಆಗ 43 ಮಿ.ಮೀ. ರೀಪರ್ ಒಳಗೆ ಕೂರುತ್ತೆ, ತುದಿಗೂ ಪಾಲಿಥಿನ್‌ಗೂ 7 ಮಿ.ಮೀ. ಅಂತರ ಉಳಿಯುತ್ತೆ. ಜಿಪ್ಸಮ್ ಬೋರ್ಡಿಗೆ ಹಾಕೋ ಕಪ್ಪು ಸ್ಕ್ರೂ ಬೇಡ, ಪುಟಕ್ಕನೆ ಮುರಿಯುತ್ತೆ. ಮತ್ತಿ, ಹೊನ್ನೆ ಎರಡಕ್ಕೂ ಒಗರು ಜಾಸ್ತಿ, ಸಾದಾ ಕಬ್ಬಿಣ ಹಾಕಿದ್ರೆ ಸುತ್ತ ಮಸಿ ಬಳಿದ ಹಾಗೆ ಕಪ್ಪಾಗುತ್ತೆ.

ಟ್ಯಾಪೆಟ್ ಸದ್ದು:

ಸರಿ, ನೆಲ ಒದ್ದೆ ಅಂದ್ಮೇಲೆ ಪ್ಲೈ ವಾದ ವಾಪಸ್ಸು ತಗೊಂಡೆ. ಪಾಲಿಶ್ ಬಗ್ಗೆ ಹೇಳ್ತೀನಿ.

ಪಿಯು ಬೇಡ. ಅದು ಮೇಲೆ ಕೂರೋ ಪೊರೆ. ಓಡಿ ಬಂದ ಬಿಸಿ ಟೈರು ಗಂಟೆಗಟ್ಟಲೆ ನಿಂತ್ರೆ ರಬ್ಬರಿನೊಳಗಿನ ಎಣ್ಣೆ ಪೊರೆಗೆ ಇಳಿದು ಕಂದು ಕಲೆ ಬೀಳುತ್ತೆ, ಗಾಡಿ ತೆಗೆದಾಗ ಚಿಪ್ಪು ಎದ್ದು ಬರುತ್ತೆ. ಒಂದು ಕಡೆ ಎದ್ರೆ ಪೂರ್ತಿ ಉಜ್ಜಿ ಮತ್ತೆ ಹೊಡೆಸಬೇಕು. ಎಪಾಕ್ಸಿ ಇನ್ನೂ ಬಿರುಸು, ಮರ ಹಿಗ್ಗಿದಾಗ ಬಿರಿಯುತ್ತೆ. ಡಬಲ್ ಬಾಯ್ಲ್ಡ್ ಲಿನ್ಸೀಡ್, ಅಂದ್ರೆ ಕಾಯಿಸಿದ ಅಗಸೆ ಎಣ್ಣೆ, ಒಳಗೆ ಇಳಿಯುತ್ತೆ. ಸವೆದ ಜಾಗಕ್ಕೆ ಬಟ್ಟೆಯಲ್ಲಿ ಒರೆಸಿದ್ರೆ ಮುಗೀತು.

ನಿಮ್ಮ ನೆಲಕ್ಕೆ 5 ಲೀಟರ್ ಎಣ್ಣೆ, 2 ಲೀಟರ್ ಟರ್ಪೆಂಟೈನ್. ಮೊದಲ ಕೈ ಅರ್ಧಕ್ಕರ್ಧ ಬೆರೆಸಿ, ಎರಡನೆಯದಕ್ಕೆ ನಾಲ್ಕರಲ್ಲೊಂದು ಪಾಲು ಟರ್ಪೆಂಟೈನ್, ಮೂರನೆಯದು ಬರೀ ಎಣ್ಣೆ. ಪ್ರತಿ ಸಲ ಅರ್ಧ ಗಂಟೆ ಆದ್ಮೇಲೆ ಮರ ಕುಡಿಯದೆ ಉಳಿದಿದ್ದನ್ನ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೀರಿ. ಹೊಳೀಲಿ ಅಂತ ಬಿಟ್ರೆ ನೊಣ ಹಿಡಿಯೋ ಅಂಟು ಕಾಗದ ಆಗುತ್ತೆ. ಕೈ ಕೈ ನಡುವೆ ಎರಡು ದಿನ. ಮಳೆಗಾಲದಲ್ಲಿ ಈ ಎಣ್ಣೆಗೆ ಬೂಷ್ಟು ಹಿಡಿಯುತ್ತೆ, ಜನವರಿ ಫೆಬ್ರವರಿಯ ಒಣ ಗಾಳಿವರೆಗೂ ಕಾಯಿರಿ. ಬೋರಾಕ್ಸ್ ಹಚ್ಚಿದ ಮೇಲೆ ವಾರವಾದ್ರೂ ಒಣಗಲಿ.

ಒರೆಸಿದ ಬಟ್ಟೆ! ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಲಿನ್ಸೀಡ್ ಒಣಗ್ತಾ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಹೊತ್ತಿಕೊಳ್ಳುತ್ತೆ. ಹೊರಗೆ ತಂತಿ ಮೇಲೆ ಒಂದೊಂದಾಗಿ ಹರವಿ, ಇಲ್ಲಾ ನೀರು ತುಂಬಿದ ಡಬ್ಬಕ್ಕೆ ಹಾಕಿ ಮುಚ್ಚಳ ಹಾಕಿ.

ಎಂಜಿನ್ ಕೆಳಗೆ 4×3 ಅಡಿಯ ಜಿಐ ತಗಡಿನ ತಟ್ಟೆ, ಇಂಚು ಅಂಚು, ಒಳಗೆ ಒಣ ಮರಳು. ಮರದ ಹೊಟ್ಟು ತುಂಬಬೇಡಿ, ಎಣ್ಣೆ ಕುಡಿದ ಹೊಟ್ಟು ಬೆಂಕಿಗೆ ಬತ್ತಿ ಇದ್ದ ಹಾಗೆ. ಬ್ರೇಕ್ ಆಯಿಲ್ ಬಿದ್ರೆ ತಕ್ಷಣ ಒದ್ದೆ ಬಟ್ಟೆ, ಬ್ಯಾಟರಿ ನೀರು ಬಿದ್ರೆ ಅಡುಗೆ ಸೋಡಾ. ಕೂಲೆಂಟ್ ಮರಕ್ಕೆ ಇಳಿದ್ರೆ ಒಣಗಲ್ಲ, ಅದು ಗಾಳಿಯ ತೇವ ಎಳ್ಕೊಳ್ತಾ ಇರುತ್ತೆ; ಸಿಹಿ ಅಂತ ನಾಯಿ ನೆಕ್ಕಿದ್ರೆ ಸಾಯುತ್ತೆ.

ತಾತಗುಣಿ ಪದ್ಮಿನಿ:

ಜಂತೆಗಳನ್ನ ಈಗಲೇ ತಂದು ಶೆಡ್ಡಲ್ಲೇ ಜೋಡಿಸಿಟ್ಟು, ಜನವರಿಗೆ ಕೆಲಸ ಶುರು ಮಾಡ್ತೀನಿ. ಕೊನೆಯದೊಂದು: ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಲಸ ಮಾಡೋದಿರುತ್ತೆ. ಹಲಗೆ ತಡೆಯುತ್ತಾ?

ತಳಮಟ್ಟ:

ಹಲಗೆ ಮುರಿಯುವುದಿಲ್ಲ, ಗುಳಿ ಬೀಳುತ್ತದೆ. ಸ್ಟ್ಯಾಂಡಿನ ನಾಲ್ಕು ಕಾಲೂ ಆಂಗಲ್ ಪಟ್ಟಿಯ ಅಂಚಿನ ಮೇಲೆ ನಿಲ್ಲುವುದರಿಂದ, ಎಲ್ಲ ಸೇರಿ ನೆಲಕ್ಕೆ ತಾಗುವ ಜಾಗ ಮೂರು ಚದರ ಸೆಂ.ಮೀ. ಇರಬಹುದು. 250 ಕೆ.ಜಿ. ಅಷ್ಟರಲ್ಲೇ ಇಳಿದರೆ ಚದರ ಸೆಂ.ಮೀ.ಗೆ 80ರ ಮೇಲೆ. ನೂಲಿಗೆ ಅಡ್ಡಲಾಗಿ ಅಷ್ಟನ್ನು ತೇಗ ತಡೆಯದು. ಗುಳಿ ಒಂದೇ ಕಾಲಿನ ಕೆಳಗೆ ಬಿದ್ದರೆ ಸ್ಟ್ಯಾಂಡ್ ವಾಲುತ್ತದೆ, ಭಯ ಪಡಬೇಕಾದ್ದು ಅದಕ್ಕೆ. 10 ಇಂಚು ಚೌಕದ 10 ಮಿ.ಮೀ. ಕಬ್ಬಿಣದ ಪ್ಲೇಟ್ ನಾಲ್ಕು ಮಾಡಿಸಿ, ಅಡಿಗೆ ಜಾರದಂತೆ ಹಳೇ ಟ್ಯೂಬಿನ ರಬ್ಬರ್ ಅಂಟಿಸಿ. ಟ್ರಾಲಿ ಜಾಕಿಗೆ 12 ಮಿ.ಮೀ. ಪ್ಲೈ 4×2 ಅಡಿಯದು ಹಾಸಿದರೆ ಸಾಕು, ಎತ್ತುವಾಗ ಜಾಕ್ ಮುಂದಕ್ಕೆ ಉರುಳಲು ಜಾಗ ಬೇಕು.

ಸ್ಟ್ಯಾಂಡನ್ನು ರೀಪರಿನ ಮೇಲೆಯೇ ನಿಲ್ಲಿಸಿ. ಹಲಗೆ ಹಾಸಿ ಸ್ಕ್ರೂ ತಲೆಗೆ ಮೇಣ ತುಂಬಿದ ಮೇಲೆ ರೀಪರ್ ಎಲ್ಲಿದೆಯೆಂದು ಕಾಣುವುದಿಲ್ಲ. ಹಲಗೆ ಹೊಡೆಯುವ ಮೊದಲೇ ಎರಡೂ ಪಕ್ಕದ ಗೋಡೆಯ ಮೇಲೆ, ನೆಲದಿಂದ ಒಂದಡಿ ಎತ್ತರದಲ್ಲಿ, 19 ರೀಪರಿಗೂ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದು ನಂಬರ್ ಬರೆದಿಡಿ.